ಅಕ್ಕ ಕಂಡ ಫ್ಯಾನು

ಹೋದ ಬೇಸಿಗೆಯಲ್ಲಿ ಅಕ್ಕನ ಮೊಮ್ಮಗ ಕಬಡ್ಡಿ ಆಡಲಿಕ್ಕೆ ಕಲಬುರಗಿಯಿಂದ ವಿಮಾನದಲ್ಲಿ ಹೋಗಿಬಂದ. ಆಟ ಗೆದ್ದನೋ ಸೋತನೋ ಯಾರೂ ಕೇಳಲಿಲ್ಲ, ಮನೆತುಂಬ ವಿಮಾನದ್ದೇ ಸುದ್ದಿ. ರೆಕ್ಕೆಗೆ ಪಂಖ ಕಟ್ಟಿದ ಸಣ್ಣ ವಿಮಾನವಂತೆ, ಇವನಿಗೆ ಸಿಕ್ಕಿದ್ದು ಸರಿಯಾಗಿ ಪಂಖದ ಪಕ್ಕದ ಕಿಟಕಿ. ಹೊರಡುವ ಮುಂಚೆ ಎಸಳುಗಳು ಒಂದೊಂದಾಗಿ ಕಾಣುತ್ತಿದ್ದವಂತೆ. ಜೋರು ಹಿಡಿದ ಮೇಲೆ ಹೊಗೆಯಂಥ ಒಂದು ಚಕ್ರ ಮಾತ್ರ ಉಳಿದು, ಅದರೊಳಗಿಂದ ಕೆಳಗಿನ ಹೊಲಗಳು ಕಂಡವಂತೆ. ಆದರೆ ಅವನು ಫೋನಿನಲ್ಲಿ ಹಿಡಿದು ತಂದ ವಿಡಿಯೋ ಬೇರೆಯದೇ ಕಥೆ ಹೇಳುತ್ತಿತ್ತು. ಅದರಲ್ಲಿ ಎಸಳುಗಳು ಕುಡುಗೋಲಿನ ಹಾಗೆ ಬಾಗಿದ್ದವು. ಒಮ್ಮೆ ನಿಂತೇಬಿಡುತ್ತಿದ್ದವು, ಒಮ್ಮೆ ಮೆಲ್ಲಗೆ ಹಿಂದಕ್ಕೆ ತಿರುಗುತ್ತಿದ್ದವು. ದೇವಾಪುರದಲ್ಲಿ ಅಕ್ಕನ ಮನೆಯ ಕಟ್ಟೆಯ ಮೇಲೆ ಕೂತು ನಾವಿಬ್ಬರೂ ಅದನ್ನು ನೋಡಿದೆವು.

“ಖರೇ ಹಿಂಗ ತಿರಗಂಗಿಲ್ಲ ಅಜ್ಜಿ. ಫೋನಿಗೆ ಹಂಗ ಕಾಣ್ತದ ಅಷ್ಟ,” ಅಂದ ಹುಡುಗ.

“ಹೌದೇನಪ? ಮತ್ತ ಫೋನಿಗೆ ಯಾರೂ ಕಪಾಳಕ್ಕ ಹೊಡಿಲಿಲ್ಲೇನು?” ಅಂದಳು ಅಕ್ಕ.

ಹುಡುಗ ನಕ್ಕ. ಅಜ್ಜಿ ಚೇಷ್ಟೆ ಮಾಡಿದಳು ಅಂದುಕೊಂಡ. ನನಗೆ ನಗು ಬರಲಿಲ್ಲ. ಅಜ್ಜಿಯ ಬಲಗೈಯಲ್ಲಿ ಎರಡು ಬೆರಳು ಇಲ್ಲದ್ದು ಅವನು ಹುಟ್ಟಿದಾಗಿನಿಂದ ನೋಡುತ್ತಿದ್ದಾನೆ, ಫ್ಯಾನಿನಲ್ಲಿ ಹೋದವು ಅಂತಲೂ ಗೊತ್ತು. ಕಪಾಳಕ್ಕೆ ಯಾಕೆ ಏಟು ಬಿತ್ತು ಅಂತ ಗೊತ್ತಿಲ್ಲ. ಅದನ್ನು ಹೇಳಬೇಕಾದರೆ ನಾನು ಹುಟ್ಟಿದ ಮನೆಯೊಳಗೆ ಮತ್ತೊಮ್ಮೆ ಕಾಲಿಡಬೇಕು. ನನಗೇನೂ ಆಸೆಯಿಲ್ಲ. ಬಾಲ್ಯ ಅಂದ ಕೂಡಲೇ ಕಣ್ಣು ತುಂಬಿಕೊಳ್ಳುವ ಜನರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗಿಬರುವುದಿಲ್ಲ.

ನಮ್ಮದು ಶಹಾಪುರದಲ್ಲಿ ಕೂಲರ್ ಮಾಡುವ ಮನೆ. ಮನೆ ಬೇರೆ, ಅಂಗಡಿ ಬೇರೆ ಅಂತ ಇರಲಿಲ್ಲ. ಬೀದಿಗೆ ಮುಖ ಮಾಡಿದ ಪಡಸಾಲೆಯೇ ಅಪ್ಪನ ಕಾರ್ಖಾನೆ, ಅದರ ಹಿಂದೆ ಅಡುಗೆಮನೆ, ಅದರ ಹಿಂದೆ ಬಚ್ಚಲು. ಊರಿನ ಬೆನ್ನಿಗಿರುವ ಕಲ್ಲುಗುಡ್ಡ ಹಗಲೆಲ್ಲ ಕುಡಿದ ಬಿಸಿಲನ್ನು ಸಂಜೆ ನಮ್ಮ ಮೇಲೆ ಕಾರುತ್ತಿತ್ತು. ಅಂಥ ಊರಿನಲ್ಲಿ ತಂಪು ಮಾರುವವನಿಗೆ ಬರಗಾಲವಿಲ್ಲ. ಎಲ್ಲರೂ ಅಪ್ಪನನ್ನು ‘ಮಿಸ್ತ್ರಿ’ ಅನ್ನುತ್ತಿದ್ದರು. ಅಪ್ಪ ತಗಡು ಕತ್ತರಿಸಿ, ಬಡಿದು ಡಬ್ಬಿ ಮಾಡಿ, ಅದರ ಹೊಟ್ಟೆಯೊಳಗೆ ನಾಲ್ಕು ಎಸಳಿನ ಫ್ಯಾನು ಕೂಡಿಸುತ್ತಿದ್ದ. ಡಬ್ಬಿಯ ಮೂರು ಮಗ್ಗುಲಿಗೆ ತಂತಿಯ ಚೌಕಟ್ಟು, ಅದರೊಳಗೆ ಕಟ್ಟಿಗೆಯಿಂದ ಹೆರೆದ ಹುಲ್ಲು. ಆ ಹುಲ್ಲಿನ ಮೇಲೆ ನೀರು ಇಳಿದರೆ ತಂಪು ಗಾಳಿ ಬರುತ್ತದೆ. ಹುಲ್ಲು ತುಂಬುವುದು ಹೆಂಗಸರ ಕೆಲಸ. ಅವ್ವ, ಅಕ್ಕ, ನಾನು ಫೆಬ್ರವರಿಯಿಂದಲೇ ಕೂತು ತುಂಬುತ್ತಿದ್ದೆವು. ಬೆರಳ ತುದಿಯಲ್ಲಿ ಸಣ್ಣ ಸಿಬಿರು ಚುಚ್ಚಿ ರೊಟ್ಟಿ ಮುರಿಯುವಾಗ ಉರಿಯುತ್ತಿತ್ತು. ಬೇಳೆಯಲ್ಲಿ ಹುಲ್ಲು, ಹಾಸಿಗೆಯಲ್ಲಿ ಹುಲ್ಲು, ತುರುಬಿನಲ್ಲಿ ಹುಲ್ಲು. ಬಾಗಿಲ ಪಕ್ಕ ಕೂತ ಆಯಿ, ಅಂದರೆ ಅಪ್ಪನ ತಾಯಿ, ಎಲೆ ಅಡಿಕೆ ಕುಟ್ಟುತ್ತ ನಮ್ಮನ್ನು ನೋಡಿ ಹೇಳುತ್ತಿದ್ದಳು:

“ಇಷ್ಟು ಹುಲ್ಲು ಎಮ್ಮಿ ಮುಂದ ಹಾಕಿದ್ರ ಎರಡು ಚರಗಿ ಹಾಲರೇ ಕೊಡತಿತ್ತು. ನಿಮ್ಮಿಂದ ಏನದ?”

ಯುಗಾದಿಯ ದಿನ ಆ ವರ್ಷದ ಮೊದಲ ಕೂಲರಿಗೆ ಪೂಜೆ. ತಗಡಿನ ಮೇಲೆ ವಿಭೂತಿ ಬಳಿದು, ಲಿಂಬೆಹಣ್ಣು ಕೊಯ್ದಿಟ್ಟು, ಅಪ್ಪ ಬಟನ್ ಒತ್ತುತ್ತಿದ್ದ. ಮೊದಲ ಗಾಳಿ ಆಯಿಗೆ. ಅವಳು ಸೆರಗು ಸರಿಸಿ ಕಣ್ಣುಮುಚ್ಚಿ ಕೂತಳೆಂದರೆ ನಾವೆಲ್ಲ ಬೆವರು ಸುರಿಸುತ್ತ ಹಿಂದೆ ನಿಂತಿರಬೇಕು. ನಮ್ಮ ಸರದಿ ಬರುವಷ್ಟರಲ್ಲಿ ಗಿರಾಕಿ ಬರುತ್ತಿದ್ದ. ಪ್ರತಿವರ್ಷ ಅಪ್ಪ ಒಂದು ಕೂಲರ್ ತೋರಿಸಿ ‘ಇದು ಮನಿಗೆ’ ಅನ್ನುತ್ತಿದ್ದ. ಪ್ರತಿವರ್ಷ ಸುರಪುರದಿಂದಲೋ ಯಾದಗಿರಿಯಿಂದಲೋ ಬೆವರು ಒರೆಸಿಕೊಳ್ಳುತ್ತ ಯಾರೋ ಬಂದು ಅದನ್ನೇ ಟಾಂಗಾಕ್ಕೆ ಹೇರುತ್ತಿದ್ದರು. ‘ಈ ಸಲದ್ದೂ ಹೋತೇನು?’ ಅಂತ ಅವ್ವ ಒಲೆಯ ಮುಂದಿನಿಂದ ಕೇಳಿದರೆ, ‘ಗಿರಾಕಿ ದೇವರಿದ್ದಂಗ’ ಅಂತ ಅಪ್ಪ ಹೇಳುತ್ತಿದ್ದ. ಆ ದೇವರ ಕಾಟದಿಂದ ನಮ್ಮ ಅಡುಗೆಮನೆಯಲ್ಲಿ ನಾನು ಮದುವೆಯಾಗಿ ಹೋಗುವ ತನಕ ಒಂದೂ ಕೂಲರ್ ಇಳಿಯಲಿಲ್ಲ.

ಪಡಸಾಲೆಯ ತೊಲೆಗೆ ಹಳೆಯದೊಂದು ಫ್ಯಾನು ಜೋತಾಡುತ್ತಿತ್ತು. ಮಧ್ಯಾಹ್ನ ಅಪ್ಪ ಕಣ್ಣು ಮುಚ್ಚಿದಾಗ ಅಕ್ಕ ಮಾದೇವಿ ಮತ್ತು ನಾನು ಅದರ ಕೆಳಗೆ ಫರಸಿಯ ಮೇಲೆ ಮಲಗಿ ಒಂದು ಆಟ ಆಡುತ್ತಿದ್ದೆವು. ತಿರುಗುವ ಫ್ಯಾನಿನಲ್ಲಿ ಒಂದೇ ಒಂದು ಎಸಳನ್ನು ಹಿಡಿಯಬೇಕು, ಕಣ್ಣಿನಿಂದ. ನೆಟ್ಟ ಕಣ್ಣಿನಿಂದ ನೋಡಿದರೆ ಬರೀ ಬೂದಿ ಬಣ್ಣದ ವರ್ತುಲ. ಅದನ್ನು ಹಿಡಿಯುವ ಹಿಕಮತ್ತು ಅಕ್ಕನಿಗೆ ಗೊತ್ತಿತ್ತು.

“ನೆಟ್ಟಗ ನೋಡಬ್ಯಾಡ, ಸಣ್ಣಾಕಿ. ಗೋಡಿ ನೋಡು. ಅಲ್ಲಿಂದ ಕಣ್ಣು ಸರ್ರ್ ಅಂತ ಈ ಕಡಿ ಒಗಿ. ಕಂಡಿತಲಾ? ತುಕ್ಕು ಹಿಡಿದದ್ದು?”

ಕಾಣುತ್ತಿತ್ತು. ಕಣ್ಣು ಹೊರಳುವ ಅಷ್ಟು ಹೊತ್ತು ಆ ತುಕ್ಕಿನ ಎಸಳು ಗಾಳಿಯಲ್ಲಿ ನಿಂತು, ಮತ್ತೆ ವರ್ತುಲದೊಳಗೆ ಕರಗಿಹೋಗುತ್ತಿತ್ತು. ಫ್ಯಾನು ಓಡಿದಂತೆ ಕಣ್ಣೂ ಅದರ ಜೊತೆ ಓಡಿದರೆ ಎಸಳು ಸಿಗುತ್ತದೆ ಅಂತ ನನಗೆ ಈಗ ಗೊತ್ತು. ಆಗ ಅದು ಅಕ್ಕನ ಮಾಯೆ. ಅವಳಷ್ಟು ಚುರುಕಾದ ಕಣ್ಣು ನಮ್ಮ ಮನೆಯಲ್ಲಿ ಇನ್ನೊಬ್ಬರಿಗೆ ಇರಲಿಲ್ಲ. ಜೋಳದಲ್ಲಿ ಕಲ್ಲು ಅವಳೇ ಆರಿಸಬೇಕು, ಆಯಿಯ ಸೂಜಿಗೆ ದಾರ ಅವಳೇ ಪೋಣಿಸಬೇಕು. ‘ಹದ್ದಿನ ಕಣ್ಣು ಇಕಿದು’ ಅಂತ ಅಪ್ಪನೇ ಗಿರಾಕಿಗಳ ಮುಂದೆ ಹೇಳಿಕೊಳ್ಳುತ್ತಿದ್ದ.

ಕೂಲರ್ ತಯಾರಾದ ಮೇಲೆ ನಾಲ್ಕಾರನ್ನು ಎದುರುಬದುರು ಇಟ್ಟು ಒಟ್ಟಿಗೆ ಓಡಿಸಿ ನೋಡುವುದು ಅಪ್ಪನ ರೂಢಿ. ಫ್ಯಾನಿನ ಮುಂದಿನ ಜಾಳಿಗೆ ಹಾಕುವುದು ಗಿರಾಕಿ ಒಯ್ಯುವ ದಿನ. ಅಲ್ಲಿಯವರೆಗೆ ಎಸಳುಗಳು ಬಾಯಿ ತೆರೆದುಕೊಂಡೇ ಇರುತ್ತಿದ್ದವು. ಎಲ್ಲ ಒಟ್ಟಿಗೆ ಓಡುವಾಗ ಪಡಸಾಲೆಯಲ್ಲಿ ಎಲ್ಲ ಕಡೆಯೂ ಗಾಳಿ, ಎಲ್ಲ ಕಡೆಯೂ ಸದ್ದು. ಯಾವುದು ಓಡುತ್ತಿದೆ ಯಾವುದು ನಿಂತಿದೆ ಅಂತ ಕಿವಿಗೂ ತಿಳಿಯದು, ಮೈಗೂ ತಿಳಿಯದು. ಅದಕ್ಕೆ ಅಪ್ಪ ನಮಗೆ ಒಂದು ಪಾಠ ಕಲಿಸಿದ್ದ. ಬಂದ್ ಮಾಡಿದ ಫ್ಯಾನು ಸುಮ್ಮನೆ ನಿಲ್ಲುವುದಿಲ್ಲ, ಎದುರಿನ ಕೂಲರಿನ ಗಾಳಿ ಬಡಿದು ಮೆಲ್ಲಗೆ ಉಲ್ಟಾ ತಿರುಗುತ್ತದೆ.

“ಜೀವ ಇದ್ದದ್ದು ಮುಂದಕ್ಕ ತಿರಗ್ತದ, ಸತ್ತದ್ದು ಹಿಂದಕ್ಕ. ನೋಡಿ ಕೈ ಹಾಕ್ರಿ.”

ಬೇರೆ ಮನೆಯ ಮಕ್ಕಳಾಗಿದ್ದರೆ ತಿರುಗುವ ಫ್ಯಾನು ಅಂದರೆ ತಿರುಗುವ ಫ್ಯಾನು ಅಂತ ದೂರ ಇರುತ್ತಿದ್ದರು. ಕೂಲರ್ ಮಿಸ್ತ್ರಿಯ ಮಕ್ಕಳು ಹಿಂದಕ್ಕೆ ತಿರುಗುವ ಫ್ಯಾನಿಗೆ ಹೆದರುತ್ತಿರಲಿಲ್ಲ.

ಆ ವರ್ಷ ಅಪ್ಪ ಪಡಸಾಲೆಗೆ ಟ್ಯೂಬ್‌ಲೈಟ್ ತಂದ. ಅಲ್ಲಿಯವರೆಗೆ ಹಳದಿ ಬಲ್ಬು. ನಮ್ಮ ಓಣಿಗೇ ಮೊದಲನೆಯ ಟ್ಯೂಬು ಅದು, ಹಾಲು ಚೆಲ್ಲಿದ ಹಾಗೆ ಬೆಳಕು. ದೀಪ ಹಚ್ಚುವ ಹೊತ್ತಿಗೆ ಹುಡುಗರು ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದರು. ಹಾಕಿದ ವಾರದೊಳಗೆ ಒಂದು ಸಂಜೆ ಅಪ್ಪ ಕೂಲರುಗಳನ್ನು ಎದುರುಬದುರು ಇಟ್ಟು ಓಡಿಸುತ್ತಿದ್ದ. ಅಕ್ಕ ಒಳಗಿನಿಂದ ಹುಲ್ಲಿನ ಬುಟ್ಟಿ ತಂದಳು. ಅಪ್ಪ ಗಿರಾಕಿಯೊಬ್ಬನ ಜೊತೆ ಮಾತಾಡುತ್ತಲೇ ಕೂಗಿದ:

“ಮಾದೇವಿ, ಆ ಕಡೀ ಕೂಲರಿನ ಫ್ಯಾನಿಗೆ ಹುಲ್ಲು ಸಿಕ್ಕದ, ತಗಿ.”

ಅಕ್ಕ ಹೋಗಿ ಬಗ್ಗಿ ನೋಡಿದಳು. ನಾನು ಅಡುಗೆಮನೆಯ ಬಾಗಿಲಲ್ಲಿದ್ದೆ. ಅವಳು ಗಡಿಬಿಡಿ ಮಾಡಲಿಲ್ಲ. ಕೈ ಹಾಕುವ ಮೊದಲು ಒಂದು ಗಳಿಗೆ ನಿಂತು ನೋಡಿಯೇ ಹಾಕಿದಳು. ಆಮೇಲೆ ಆದದ್ದನ್ನು ನಾನು ಬರೆಯುವುದಿಲ್ಲ. ತೋರುಬೆರಳು, ಅದರ ಪಕ್ಕದ್ದು. ಅವ್ವ ಅರಿಶಿನದ ಡಬ್ಬಿಯನ್ನೇ ಸುರಿದಳು. ಯಾರದೋ ಜೀಪಿನಲ್ಲಿ ಕಲಬುರಗಿಗೆ ಒಯ್ದರು.

ದವಾಖಾನೆಯಿಂದ ಅವಳು ಬಂದ ದಿನ ಮನೆಯಲ್ಲಿ ಎಲ್ಲರೂ ಇದ್ದರು, ಓಣಿಯ ಹೆಂಗಸರೂ ಬಂದಿದ್ದರು. ತಿರುಗುವ ಫ್ಯಾನಿನೊಳಗೆ ಯಾಕೆ ಕೈ ಹಾಕಿದೆ ಅಂತ ಅಪ್ಪ ಕೇಳಿದ. ಅಕ್ಕ ಬ್ಯಾಂಡೇಜಿನ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹೇಳಿದಳು:

“ಹಿಂದಕ್ಕ ತಿರಗಾಕತ್ತಿತ್ತಪ್ಪ. ಮೆಲ್ಲಕ. ನೀ ಬಂದ್ ಮಾಡಿದಿ ಅಂತ ತಿಳಕೊಂಡೆ.”

ಕಪಾಳಕ್ಕೆ ಬಿತ್ತು. ಆ ಸದ್ದು ನನಗೆ ಇವತ್ತಿಗೂ ಕೇಳುತ್ತದೆ.

“ಬೆರಳು ಹೋದ್ರೂ ಸುಳ್ಳು ಹೋಗಲಿಲ್ಲ ಇಕಿದು! ಬಟನ್ ಚಾಲೂ ಇತ್ತು. ಚಾಲೂ ಇದ್ದ ಫ್ಯಾನು ಹಿಂದಕ್ಕ ತಿರಗ್ತದೇನು?”

ಆಯಿ ಎಲೆ ಅಡಿಕೆ ಪಕ್ಕಕ್ಕೆ ಸರಿಸಿ, ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರಿಯರು ಸುಮ್ಮನೆ ಹೇಳ್ಯಾರೇನು ಅಂದಳು. ಮಧ್ಯಾಹ್ನವೆಲ್ಲ ಫ್ಯಾನ್ ನೋಡುತ್ತ ಬಿದ್ದುಕೊಂಡಿರುತ್ತಾಳೆ, ಅದರ ಸಂಗಡ ಆಟ ಆಡಲಿಕ್ಕೆ ಹೋಗ್ಯಾಳ ಅಂತಲೂ ಸೇರಿಸಿದಳು. ನಮ್ಮ ಆಟ ಅವಳ ಕಣ್ಣಿಗೆ ಬಿದ್ದಿತ್ತು. ಓಣಿಯ ಹೆಂಗಸರಿಗೆ ಅಷ್ಟು ಸಾಕಾಯಿತು. ಮಿಸ್ತ್ರಿಯ ಮಗಳು ಆಟ ಆಡುತ್ತ ಬೆರಳು ಕಳೆದುಕೊಂಡಳು, ಮೇಲೆ ಸುಳ್ಳು ಬೇರೆ ಹೇಳಿದಳು. ಅಕ್ಕ ಮತ್ತೆ ಎರಡು ಮೂರು ಸಲ ಅದೇ ಮಾತು ಹೇಳಿದಳು, ಪ್ರತಿಸಲವೂ ದನಿ ಸಣ್ಣದಾಯಿತು. ಅಷ್ಟರಲ್ಲಿ ಪಡಸಾಲೆಗೆ ಹಳದಿ ಬಲ್ಬು ವಾಪಸು ಬಂದಿತ್ತು. ಟ್ಯೂಬನ್ನು ಅಪ್ಪ ಅಡುಗೆಮನೆಗೆ ಹಾಕಿದ್ದ. ಇನ್ನು ನಿಮಗೆ ಒಲೆಯ ಮುಂದೆ ಬೆಳಕೇ ಬೆಳಕು ಅಂತ ಅವ್ವನಿಗೆ ಹೇಳಿದ. ಅವ್ವ ಒಲೆ ಊದುತ್ತಲೇ ಇದ್ದಳು.

ಸಾಲೆ ಬಿಡಿಸಿದರು. ಬರೆಯುವ ಕೈಯೇ ಹೋದ ಮೇಲೆ ಸಾಲೆ ಯಾಕೆ ಅಂದರು. ಎಡಗೈಯಲ್ಲಿ ಬರೆಯಬಹುದು ಅಂತ ಯಾರ ತಲೆಗೂ ಹೊಳೆಯಲಿಲ್ಲ, ಹೊಳೆದರೂ ಹೇಳಲಿಲ್ಲ. ಸುರಪುರದಿಂದ ಬಂದ ಸಂಬಂಧವೊಂದು ಬೆರಳು ನೋಡಿ ಅಲ್ಲ, ‘ಹುಡುಗಿ ಮಾತು ಖರೇ ಇರಂಗಿಲ್ಲಂತ’ ಅನ್ನುವ ಸುದ್ದಿ ಕೇಳಿ ಮುರಿಯಿತು. ಕೊನೆಗೆ ದೇವಾಪುರದ, ಹೆಂಡತಿ ಸತ್ತ ಒಬ್ಬನಿಗೆ ಕೊಟ್ಟರು. ಅವನು ಕೆಟ್ಟವನೇನಲ್ಲ, ವಯಸ್ಸಾದವನು ಅಷ್ಟೆ. ನನಗೆ ಸಂಕಟವಾಗುತ್ತಿದ್ದದ್ದು ಬೇರೆ. ಹದ್ದಿನ ಕಣ್ಣಿನ ನಮ್ಮ ಅಕ್ಕ ಯಾವುದನ್ನೂ ತಾನೇ ಕಂಡೆ ಅನ್ನುವುದನ್ನು ಬಿಟ್ಟುಬಿಟ್ಟಳು. ಎದುರಿಗೆ ಮಳೆ ಬರುತ್ತಿದ್ದರೂ ‘ಮಳಿ ಬರಾಕತ್ತದಲಾ? ನಿನಗೂ ಕಾಣ್ತದಿಲ್ಲ?’ ಅಂತ ಕೇಳುವಳು. ಒಲೆ ಆರಿಸಿ, ಆರಿದೆಯೇ ನೋಡು ಅಂತ ಮಕ್ಕಳನ್ನು ಕಳಿಸುವಳು. ಕಣ್ಣು ಇದ್ದೂ ಇಲ್ಲದ ಹಾಗೆ ಬದುಕುವುದನ್ನು ಅವಳಿಗೆ ಕಲಿಸಿದ್ದು ನಮ್ಮ ಮನೆ.

ಮುಂದೆ ನಾನು ಯಾದಗಿರಿಯ ಕಾಲೇಜಿನಲ್ಲಿ ವಿಜ್ಞಾನ ಓದುತ್ತಿದ್ದಾಗ ಒಂದು ದಿನ ಮೇಷ್ಟ್ರು ಟ್ಯೂಬ್‌ಲೈಟಿನ ಕೆಳಗೆ ನಾಲ್ಕು ಗೆರೆ ಎಳೆದ ಬಿಳಿ ತಟ್ಟೆಯನ್ನು ಮೋಟಾರಿಗೆ ಸಿಕ್ಕಿಸಿ ತಿರುಗಿಸಿದರು. ಜೋರು ಹಿಡಿಯುತ್ತ ಹೋದ ಹಾಗೆ ಗೆರೆಗಳು ಮಾಯವಾದವು. ಇನ್ನೂ ಜೋರಾಯಿತು, ಗೆರೆಗಳು ವಾಪಸು ಬಂದು ಮೆಲ್ಲಗೆ ಹಿಂದಕ್ಕೆ ತಿರುಗತೊಡಗಿದವು. ಹುಡುಗರು ಚಪ್ಪಾಳೆ ಹೊಡೆದರು. ನಾನು ತಲೆ ಎತ್ತಿ ಟ್ಯೂಬಿನ ಕಡೆ ನೋಡಿದೆ. ಟ್ಯೂಬು ಒಂದೇ ಸಮನೆ ಉರಿಯುವುದಿಲ್ಲ, ಕರೆಂಟಿನ ಜೊತೆ ಆರಿ ಆರಿ ಹತ್ತುತ್ತದೆ, ಕಣ್ಣಿಗೆ ಗೊತ್ತಾಗದಷ್ಟು ಬೇಗ. ಬೆಳಕು ಇದ್ದಾಗಷ್ಟೇ ಕಣ್ಣು ಎಸಳನ್ನು ಕಾಣುತ್ತದೆ. ಒಂದು ಮಿಣುಕಿಗೂ ಮುಂದಿನ ಮಿಣುಕಿಗೂ ನಡುವೆ ಹಿಂದಿನ ಎಸಳು ಮುಂದಿನದರ ಜಾಗಕ್ಕೆ ಬಂದು ನಿಂತರೆ ಫ್ಯಾನು ನಿಂತಿದೆ ಅಂತ ಕಣ್ಣು ತಿಳಿಯುತ್ತದೆ. ಆ ಜಾಗಕ್ಕೆ ತುಸು ಕಡಿಮೆ ಬಿದ್ದರೆ, ಅದೇ ಎಸಳು ತುಸು ಹಿಂದೆ ಸರಿಯಿತು ಅಂದುಕೊಳ್ಳುತ್ತದೆ. ಬಲ್ಬಿನ ತಂತಿ ಕಾದು ಕೆಂಪಗೇ ಇರುತ್ತದೆ, ಅದರ ಬೆಳಕು ಅಷ್ಟು ಏರಿಳಿಯುವುದಿಲ್ಲ, ಈ ಮೋಸವೂ ಇಲ್ಲ. ಅಕ್ಕ ಕಂಡದ್ದನ್ನೇ ಹೇಳಿದ್ದಳು. ಆ ಬೆಳಕಿನಲ್ಲಿ ಆ ಫ್ಯಾನನ್ನು ಯಾರು ನೋಡಿದ್ದರೂ ಅದನ್ನೇ ಹೇಳಬೇಕಿತ್ತು.

ಸಂಜೆಯ ಬಸ್ಸಿಗೆ ಶಹಾಪುರಕ್ಕೆ ಬಂದೆ. ಅಪ್ಪ ಊಟಕ್ಕೆ ಕೂತಿದ್ದ. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನಾನು ಕಾಲು ತೊಳೆಯದೆ ನಿಂತುಕೊಂಡೇ ಎಲ್ಲ ಹೇಳಿದೆ, ಏದುಸಿರು ಬಿಡುತ್ತ, ಬಹುಮಾನ ಗೆದ್ದು ಬಂದವಳ ಹಾಗೆ. ಅಪ್ಪ ತುತ್ತು ನುಂಗಿ ನೀರು ಕುಡಿದ.

“ಗೊತ್ತದ. ಹದ್ದಿನ ಕಣ್ಣಿನಾಕಿ ಹೆಂಗ ಕೈ ಹಾಕಿದಳು ಅಂತ, ಬೆರಳು ಹೋದ ಮರುದಿನನೇ ಬಾಗಲಾ ಹಾಕ್ಕೊಂಡು ಹಚ್ಚಿ ನೋಡಿದ್ದೆ.”

“ಕಂಡಿತ್ತೇನು? ಹಿಂದಕ್ಕ?”

“ಕಂಡಿತು. ಅದಕ್ಕೇ ಟ್ಯೂಬ್ ತಗದೆ.”

“ಮತ್ತ ಅಕಿಗೆ ಯಾಕ ಹೊಡದಿ?”

“ಮಂದಿ ಕೂತಿದ್ದರು. ಮಿಸ್ತ್ರಿ ಜಾಳಿಗಿ ಹಾಕದ ಓಡಿಸ್ಯಾನ, ಅವನ ಫ್ಯಾನು ಕಣ್ಣಿಗೆ ಮೋಸ ಮಾಡ್ತದ ಅಂತ ಊರಾಗ ಆಗಿದ್ರ ಒಂದು ಕೂಲರ್ ಹೋಗತಿತ್ತೇನು? ಮಗಳ ಬೆರಳು ಹೋದ್ವು. ಎಲ್ಲಾರ ಹೊಟ್ಟಿನೂ ಹೋಗಬೇಕಿತ್ತೇನು?”

ಆ ಮಾತಿನಲ್ಲಿ ಹುರುಳಿಲ್ಲ ಅಂತ ನಾನು ಹೇಳಲಾರೆ. ನನ್ನ ಕಾಲೇಜಿನ ಫೀಸು ಬಂದದ್ದೂ ಅದೇ ಕೂಲರುಗಳಿಂದ. ಆದರೆ ಮಂದಿ ಎದ್ದುಹೋದ ಮೇಲೆ, ನಾಲ್ಕು ಗೋಡೆಗಳ ನಡುವೆ, ಮಗಳ ತಲೆ ಸವರಿ ‘ನೀ ಕಂಡದ್ದು ಖರೇ’ ಅನ್ನಲಿಕ್ಕೆ ಏನು ಅಡ್ಡಿಯಿತ್ತು? ಅದನ್ನೇ ಕೇಳಿದೆ. ಹುಡುಗಿ ಬಾಯಿಗೆ ಬಾಗಲಾ ಇರತದೇನು ಅಂದ. ಇಷ್ಟೆಲ್ಲ ಆಗುವಾಗ ಅವ್ವನ ಕೈ ಒಮ್ಮೆಯೂ ನಿಲ್ಲಲಿಲ್ಲ, ಅವಳು ತಿರುಗಿಯೂ ನೋಡಲಿಲ್ಲ. ಅವಳಿಗೂ ಗೊತ್ತಿತ್ತು ಅಂತ ನನಗೆ ಆಗ ತಿಳಿಯಿತು. ಮಲಗಿದಾಗ ಗೋಡೆಗೆ ಮುಖ ಮಾಡಿ ಅತ್ತೆ, ಸಿಟ್ಟಿನಿಂದ. ಯಾರಾದರೂ ಅವಸರದಲ್ಲಿ ‘ಸುಳ್ಳು ಹೇಳ್ತಿ’ ಅಂದರೆ ನನಗೆ ಇವತ್ತಿಗೂ ಮೈಯೆಲ್ಲ ಉರಿಯುವುದು ಆಗ ಹತ್ತಿದ ಬೆಂಕಿ.

ಮರುದಿನ ದೇವಾಪುರಕ್ಕೆ ಹೋದೆ. ಅಕ್ಕ ಜೋಳ ಹಸನು ಮಾಡುತ್ತಿದ್ದಳು. ತಟ್ಟೆ, ಟ್ಯೂಬು, ಬಲ್ಬು, ಅಪ್ಪ ಬಾಗಿಲು ಹಾಕಿಕೊಂಡು ನೋಡಿದ್ದು, ಎಲ್ಲ ಹೇಳಿದೆ. ಅವಳು ಮೊರ ಕೆಳಗಿಟ್ಟಳು. ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ.

“ನಾನೇ ನಂಬಿಬಿಟ್ಟಿದ್ದೆ, ಸಣ್ಣಾಕಿ. ನಾನೇ ಸುಳ್ಳು ಹೇಳೀನಿ ಅಂತ. ಮಕ್ಕಳಿಗೆ ಹಂಗೇ ಹೇಳೀನಿ, ನಿಮ್ಮವ್ವ ಆಟ ಆಡಲಾಕ ಹೋಗಿ ಬೆರಳು ಕಳಕೊಂಡಾಳ, ನೀವು ಹಂಗ ಮಾಡಬ್ಯಾಡ್ರಿ ಅಂತ.”

ಮೊರವನ್ನು ಮತ್ತೆ ಕೈಗೆತ್ತಿಕೊಂಡು ಹೇಳಿದಳು:

“ನೀ ಹೇಳಿದ್ರ ಸಾಲಂಗಿಲ್ಲ. ಅಪ್ಪ ಹೇಳಬೇಕು. ಮಂದಿ ಮುಂದ ಹೊಡದಾನ, ಮಂದಿ ಮುಂದ ಹೇಳಬೇಕು. ಅಷ್ಟು ಹೇಳಿದ್ರ ಮತ್ತೇನೂ ಬ್ಯಾಡ ನನಗ.”

ಅವಳು ತವರಿನಿಂದ ಏನನ್ನಾದರೂ ಬೇಡಿದ್ದು ಅದೊಂದೇ. ಯುಗಾದಿಗೆ ಬಂದಳು, ಹಸಿರು ಇಳಕಲ್ ಸೀರೆ ಉಟ್ಟು, ಮಕ್ಕಳನ್ನೂ ಕರೆದುಕೊಂಡು. ಪೂಜೆ ಮುಗಿದು ಗಿರಾಕಿಗಳು ಕೂತಿದ್ದರು, ಓಣಿಯ ಹಿರಿಯರೂ ಇದ್ದರು. ಬೇಕೆಂದೇ ಆ ಹೊತ್ತನ್ನು ಆರಿಸಿಕೊಂಡಿದ್ದಳು. ಅವ್ವ ಕೊಟ್ಟ ನೀರಿನ ಲೋಟ ಕೈಯಲ್ಲಿ ಹಿಡಿದು ಅಪ್ಪನ ಎದುರು ಕೂತು, ಸಣ್ಣ ಮಗಳ ಹಾಗೆ ಮೆತ್ತಗೆ ಕೇಳಿದಳು:

“ಅಪ್ಪಾ, ನನ್ನ ಬೆರಳು ಹೋದ ಮರುದಿನ ನೀನೂ ಹಚ್ಚಿ ನೋಡಿದ್ದಿಯಂತಲ್ಲ. ಆ ಫ್ಯಾನು ಹೆಂಗ ಕಂಡಿತು? ಇವರ ಮುಂದ ಹೇಳು.”

ಅಪ್ಪ ಗಿರಾಕಿಗಳ ಮುಖ ನೋಡಿದ. ಆಮೇಲೆ ಅಕ್ಕನನ್ನು ನೋಡಿದ, ನನ್ನನ್ನೂ ನೋಡಿದ. ಹೇಳುತ್ತಾನೆ ಅಂತ ನಾನು ನಿಜವಾಗಿ ನಂಬಿದ್ದೆ.

“ಫ್ಯಾನು ಮುಂದಕ್ಕ ತಿರಗ್ತದವ್ವ. ಹಿಂದಕ್ಕ ತಿರಗೋ ಫ್ಯಾನು ನಾನರೇ ಎಲ್ಲಿಂದ ತರಲಿ?”

ಗಿರಾಕಿಗಳು ನಕ್ಕರು. ಅವನು ಆಡಿದ್ದು ಸುಳ್ಳಲ್ಲ. ಫ್ಯಾನು ಮುಂದಕ್ಕೇ ತಿರುಗುತ್ತಿತ್ತು. ಸುಳ್ಳು ಹೇಳಿದ್ದರೆ ಹಿಡಿದು ಜಗ್ಗಬಹುದಿತ್ತು, ನಿಜ ಹೇಳಿದವನನ್ನು ಏನು ಮಾಡುವುದು? ಅಕಿ ಕೇಳಿದ್ದು ಕಂಡದ್ದರ ಮಾತು ಅಂತ ನಾನು ಬಾಯಿ ತೆಗೆದೆ. ‘ಸಾಕು ಸುಮ್ಮನಿರು, ಗಿರಾಕಿ ಅದಾರ’ ಅಂತ ಒಳಗಿನಿಂದ ಅವ್ವ ಗದರಿದಳು. ಅಕ್ಕ ಎಲ್ಲರ ಜೊತೆ ತಾನೂ ಚೂರು ನಕ್ಕಳು. ಲೋಟವನ್ನು ತುಟಿಗೆ ತಾಗಿಸದೆ ಕೆಳಗಿಟ್ಟು, ಮಕ್ಕಳನ್ನು ಎಬ್ಬಿಸಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದಳು.

ಅಪ್ಪ ತೀರಿಕೊಂಡದ್ದು ಮೇ ತಿಂಗಳಲ್ಲಿ, ಗುಡ್ಡದ ಮೇಲಿನ ಕಲ್ಲು ಸಿಡಿಯುವಂಥ ಬಿಸಿಲು. ಸುದ್ದಿ ಮುಟ್ಟಿದ ಕೂಡಲೇ ಅಕ್ಕ ಬಂದಳು. ಅತ್ತಳು, ಹಿರಿಯ ಮಗಳು ಮಾಡಬೇಕಾದದ್ದನ್ನೆಲ್ಲ ಮಾಡಿದಳು. ಮಿಸ್ತ್ರಿ ಒಂದು ದಿನವೂ ಸುಳ್ಳಾಡಿದವನಲ್ಲ ಅಂತ ಮಂದಿ ಅನ್ನುವುದನ್ನು ತಲೆ ಬಗ್ಗಿಸಿ ಕೇಳಿದಳು. ಮಣ್ಣು ಮುಗಿಸಿ ಎಲ್ಲರೂ ಸ್ನಾನ ಮಾಡಿ, ಓಣಿಯವರು ತಂದ ರೊಟ್ಟಿ ಉಂಡರು. ಅಕ್ಕ ಮಾತ್ರ, ಆ ಯುಗಾದಿಯಂದಿನ ಹಾಗೆ, ನೀರೂ ಮುಟ್ಟದೆ ಹೊಸ್ತಿಲ ಹೊರಗೆ ಕೂತೇ ಇದ್ದಳು. ತುಟಿ ಒಡೆದಿತ್ತು, ಮಾತಾಡಿದರೆ ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು. ನಾನು ತಂಬಿಗೆ ತುಂಬಿಕೊಂಡು ಹೋಗಿ ಎದುರು ಹಿಡಿದೆ. ಎರಡು ಬೆರಳಿಲ್ಲದ ಕೈಯಿಂದ ಅವಳು ಅದನ್ನು ಮೆಲ್ಲಗೆ ಸರಿಸಿದಳು.

“ಇರ್ಲಿ ಬಿಡವ್ವ. ದೇವಾಪುರಕ್ಕ ಹೋಗಿ ಕುಡಿತೀನಿ.”